ಕಾರಣವಿಲ್ಲದೆ ನಿಂತ ಬಸ್ಸು

1998ರಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಮನೋವೈದ್ಯೆಯಾಗಿದ್ದೆ. ಪ್ರತಿ ಗುರುವಾರ ಮೂಡಿಗೆರೆಗೆ ಹೋಗಿ ಅಲ್ಲಿನ ಹೊರರೋಗಿಗಳನ್ನು ನೋಡುವುದೂ ನನ್ನ ಪಾಲಿಗೆ ಬಂದಿತ್ತು. ಬೆಟ್ಟದ ಕಡೆಯವರು ನನ್ನ ಹತ್ತಿರ ನೇರವಾಗಿ ಬಂದದ್ದೇ ಕಡಿಮೆ. ಮೊದಲು ದೇವರಮನೆ ಗುಡ್ಡದ ಗುಡಿಗೆ ಹರಕೆ, ಆಮೇಲೆ ನಿಮಿತ್ತ ಹೇಳುವವರು, ಆಮೇಲೆ ನಾಟಿ ಔಷಧಿ, ಅದೂ ಮುಗಿದ ಮೇಲೆ ನಾನು. ಹಾಗೆ ಬಂದವರೂ ಪಕ್ಕದ ಹಲ್ಲಿನ ಡಾಕ್ಟರ ಸರದಿಯಲ್ಲಿ ಕೂತಿದ್ದು, ಯಾರೂ ನೋಡದಾಗ ನನ್ನ ಕೋಣೆಗೆ ನುಸುಳುತ್ತಿದ್ದರು. ಆದ್ದರಿಂದ ಆ ವರ್ಷದ ಆಗಸ್ಟ್ ಕೊನೆಯಲ್ಲಿ ಒಬ್ಬ ಬಸ್ ಮಾಲೀಕರು ತಮ್ಮ ಡ್ರೈವರನ್ನು ಎಲ್ಲರೆದುರು ತೋಳು ಹಿಡಿದು ಕರೆತಂದಾಗ, ವಿಷಯ ಕೈಮೀರಿದೆ ಎಂದು ನನಗೆ ಅನ್ನಿಸಿತು.

ಡ್ರೈವರ ಹೆಸರು ರುದ್ರಪ್ಪ. ವಯಸ್ಸು ಐವತ್ತರ ಆಸುಪಾಸು. ಗೋಣಿಬೀಡಿನ ಹತ್ತಿರ ಸ್ವಲ್ಪ ಕಾಫಿ ತೋಟವಿತ್ತು, ಅದನ್ನು ಹೆಂಡತಿ ಗಿರಿಜಮ್ಮ ನೋಡಿಕೊಳ್ಳುತ್ತಿದ್ದರು. ರುದ್ರಪ್ಪನವರು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಬೆಳಗಿನ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ್ದವರು. ಈಗ ಅವರು ತಿರುವು ತಿರುವಿಗೂ ಬಸ್ಸು ನಿಲ್ಲಿಸುತ್ತಾರೆ ಎನ್ನುವುದು ಮಾಲೀಕರ ದೂರು. ಇಳಿದು ಹೋಗಿ ದರೆಯನ್ನು, ಅಂದರೆ ರಸ್ತೆ ಕಡಿದಾಗ ಪಕ್ಕದಲ್ಲಿ ನಿಲ್ಲುವ ಮಣ್ಣಿನ ಗೋಡೆಯನ್ನು, ನೋಡುತ್ತಾರೆ. ವಾಪಸ್ ಹತ್ತುತ್ತಾರೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಓಡಿಸುವುದು ಬೇಡ ಎಂದರೆ ಮನೆಯಲ್ಲಿ ಮೂಲೆ ಹಿಡಿಯುತ್ತಾರೆ, ಅನ್ನ ಮುಟ್ಟುವುದಿಲ್ಲ. ಮಾಲೀಕರು ಆಚೆ ಹೋದ ಮೇಲೆ, ಜೊತೆಗೆ ಬಂದಿದ್ದ ಗಿರಿಜಮ್ಮ ದನಿ ತಗ್ಗಿಸಿ ಹೇಳಿದ್ದು ಮಾತ್ರ ಬೇರೆ. ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಗಳನ್ನೆಲ್ಲ ಅವರು ತಮ್ಮ ಅಣ್ಣನ ಮನೆಗೆ ಸಾಗಿಸಿಬಿಟ್ಟಿದ್ದರು. ನನಗೆ ಅಷ್ಟು ಸಾಕಾಯಿತು. ಅವತ್ತೇ ಔಷಧಿ ಶುರು ಮಾಡಿ, ಪ್ರತಿ ಗುರುವಾರ ತಪ್ಪದೆ ಬರಬೇಕೆಂದು ಹೇಳಿ ಕಳಿಸಿದೆ.

ನಡೆದ ಸಂಗತಿ ಮೂಡಿಗೆರೆಯಲ್ಲಿ ಆಗಲೇ ಮನೆಮಾತಾಗಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ, ಒಂದೇ ಸಮ ಮಳೆ ಹೊಡೆಯುತ್ತಿದ್ದಾಗ, ರುದ್ರಪ್ಪನವರು ಕೊಟ್ಟಿಗೆಹಾರ ದಾಟಿ ಕಳಸದ ಕಡೆಗೆ ಹೋಗುತ್ತಿದ್ದರು. ಒಂದು ದೊಡ್ಡ ತಿರುವು ಎದುರಿಗೆ ಕಾಣುವಷ್ಟರಲ್ಲಿ ಬಸ್ಸು ನಿಲ್ಲಿಸಿದರು. ಇಂಜಿನ್ ಕೆಟ್ಟಿರಲಿಲ್ಲ, ರಸ್ತೆಗೆ ಮರ ಬಿದ್ದಿರಲಿಲ್ಲ, ಆನೆಯೂ ಇರಲಿಲ್ಲ. ಕಂಡಕ್ಟರ್ ಬಂದು ಕೇಳಿದ. ಪ್ರಯಾಣಿಕರು ಕೇಳಿದರು. ರುದ್ರಪ್ಪ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದರು.

ಇಲ್ಲಿ ಆ ದಾರಿಯ ಒಂದು ಪದ್ಧತಿ ಹೇಳಬೇಕು. ಘಟ್ಟದ ಭಾಗ ಶುರುವಾಗುವಲ್ಲಿ ರಸ್ತೆ ಪಕ್ಕದಲ್ಲಿ, ದಾರಿ ಕಾಯುವ ದೇವತೆ ಚೌಡಿಯ ಕಲ್ಲಿದೆ. ಡ್ರೈವರುಗಳು ಅಲ್ಲಿ ಗಾಡಿ ನಿಧಾನ ಮಾಡಿ, ಹಾರನ್ ಹೊಡೆದು, ಒಂದು ನಾಣ್ಯ ಹಾಕಿ ಮುಂದೆ ಹೋಗುತ್ತಾರೆ. ಯಾವನಾದರೂ ಡ್ರೈವರ್ ದಾರಿಯಲ್ಲಿ ಗಾಡಿ ನಿಲ್ಲಿಸಿ ‘ಚೌಡಿ ಅಪ್ಪಣೆ ಆಗ್ಲಿಲ್ಲ’ ಎಂದನೋ, ಅಲ್ಲಿಗೆ ಮಾತು ಮುಗಿಯಿತು. ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಬೀಡಿ ಹಚ್ಚುವವರು ಹಚ್ಚುತ್ತಾರೆ, ನಿದ್ದೆ ಮಾಡುವವರು ಮಾಡುತ್ತಾರೆ, ಮತ್ತೆ ಅಪ್ಪಣೆಯಾಗುವ ತನಕ ಗಾಡಿ ಕದಲುವುದಿಲ್ಲ. ಹಿಂದಿನ ರಾತ್ರಿ ಕುಡಿದದ್ದು ಹೆಚ್ಚಾದವರು ಕೂಡ ಈ ಸವಲತ್ತನ್ನು ಧಾರಾಳವಾಗಿ ಬಳಸಿಕೊಳ್ಳುತ್ತಿದ್ದರು ಎಂದು ಮಾಲೀಕರೇ ನಕ್ಕು ಹೇಳಿದ್ದುಂಟು. ರುದ್ರಪ್ಪ ಮಾತ್ರ ಆ ಮಾತನ್ನು ಒಂದು ಸಲವೂ ಆಡಿದವರಲ್ಲ. ಅವರು ನಿಜವಾಗಿ ನಂಬುವ ಮನುಷ್ಯ. ಚೌಡಿ ತಡೆಯದಿದ್ದಾಗ ತಡೆದಳು ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ಡ್ರೈವರ ಪಕ್ಕದ ಮುಂದಿನ ಸೀಟಿನಲ್ಲಿ ಜಯಂತಿ ಟೀಚರ್ ಕೂತಿದ್ದರು. ಕಳಸದ ದಾರಿಯ ಒಂದು ಹೈಸ್ಕೂಲಿನಲ್ಲಿ ಅವರು ಗಣಿತ ಹೇಳಿಕೊಡುತ್ತಿದ್ದರು. ಗಂಡ ಮಲ್ಲಿಕಾರ್ಜುನ ಮೂಡಿಗೆರೆಯಲ್ಲಿ ಕಾಳುಮೆಣಸು ವ್ಯಾಪಾರ ಮಾಡುತ್ತಿದ್ದರು. ಟೀಚರ್ ಎಷ್ಟೋ ವರ್ಷದಿಂದ ಅದೇ ಬಸ್ಸು, ಅದೇ ಸೀಟು. ಅವತ್ತು ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು. ಅವರು ಕೇಳಿದರು:

“ರುದ್ರಪ್ಪನವ್ರೆ, ಎಂತಾಯ್ತು?”

“ಎಂತಾಗ್ಲಿಲ್ಲ ಟೀಚರ್. ಮುಂದೆ ಹೋಗೋಕೆ ಮನಸ್ಸಾಗ್ತಾ ಇಲ್ಲ.”

“ಎಂತಕ್ಕೆ?”

“ಗೊತ್ತಿಲ್ಲ.”

ಅಷ್ಟರಲ್ಲಿ ಹಿಂದಿನಿಂದ ಒಂದು ಬಾಡಿಗೆ ಜೀಪು ಬಂತು. ಅವಸರ ಇದ್ದವರು ಬನ್ನಿ ಎಂದ ಅದರ ಡ್ರೈವರ್. ಟೀಚರ್ ಹತ್ತಿದರು, ಕಳಸದ ಸಂತೆಗೆ ಹೊರಟಿದ್ದ ಇಬ್ಬರು ಹತ್ತಿದರು. ಜೀಪು ತಿರುವಿಗೆ ಹೋಯಿತು. ಮೇಲಿನ ಎಸ್ಟೇಟಿನ ಗುಡ್ಡ ಮರ ಸಮೇತ ಜಾರಿ ಅದರ ಮೇಲೆ ಕೂತಿತು. ಜೀಪಿನಲ್ಲಿದ್ದ ನಾಲ್ವರಲ್ಲಿ ಯಾರೂ ಉಳಿಯಲಿಲ್ಲ. ಬಸ್ಸಿನಲ್ಲಿದ್ದವರಿಗೆ ಒಂದು ಗೀರೂ ಆಗಲಿಲ್ಲ.

ಇಂಥ ಸುದ್ದಿ ನಮ್ಮ ಜನರ ಬಾಯಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಸ್ಸಿನವರು ರುದ್ರಪ್ಪನ ಕಾಲಿಗೆ ಬಿದ್ದರು. ಸಮಯ ಹಾಳು ಮಾಡಿದನೆಂದು ಬೈಯಲು ಹೊರಟಿದ್ದ ಮಾಲೀಕರು ಹಾರ ಹಾಕಿದರು. ಅವರ ಮೈಮೇಲೆ ಚೌಡಿ ಬರುತ್ತದೆಂದು ಸುದ್ದಿಯಾಯಿತು. ಮದುವೆಗೆ ಹೊರಟವರು, ಹೆರಿಗೆಗೆ ಮಗಳನ್ನು ಕಳಿಸುವವರು, ಗೋಣಿಬೀಡಿನ ಅವರ ಮನೆ ಬಾಗಿಲಿಗೆ ಬಂದು ಹೊರಡಬಹುದೇ ಎಂದು ಕೇಳತೊಡಗಿದರು. ‘ನಂಗೆ ಎಂತ ಗೊತ್ತಿಲ್ಲ ಮಾರಾಯ್ರೆ, ಹೋಗಿ’ ಎಂದು ಇವರು ಕೈಮುಗಿದರೆ ಅದನ್ನೇ ಅಪ್ಪಣೆ ಎಂದುಕೊಂಡು ಹೋಗುತ್ತಿದ್ದರು. ಹೋದವರು ಕ್ಷೇಮವಾಗಿ ಮುಟ್ಟುವ ತನಕ ರುದ್ರಪ್ಪನಿಗೆ ನಿದ್ದೆಯಿಲ್ಲ.

ಇದನ್ನೂ ಅವರು ತಡೆದುಕೊಳ್ಳುತ್ತಿದ್ದರೇನೋ. ತಡೆಯಲಾಗದೇ ಹೋದದ್ದು ಮಲ್ಲಿಕಾರ್ಜುನ ಬಂದಾಗ. ಹೆಂಡತಿಯ ಕಾರ್ಯಗಳೆಲ್ಲ ಮುಗಿದ ಮೇಲೆ ಆತ ಬಂದು ಜಗುಲಿಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದರಂತೆ: “ನೀವು ಎಂತ ನೋಡಿದ್ರಿ?” ಏನೂ ನೋಡಲಿಲ್ಲ ಎಂದರು ರುದ್ರಪ್ಪ. ಏನೂ ನೋಡದವನು ಬಸ್ಸು ನಿಲ್ಲಿಸುವುದುಂಟೇ? ನೋಡಿದ್ದರೆ ಅವಳಿಗೆ ಯಾಕೆ ಹೇಳಲಿಲ್ಲ? ಆತ ಕೂಗಾಡಲಿಲ್ಲ. ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದರು. ಆ ದಿನದಿಂದ ರುದ್ರಪ್ಪನವರು ಪ್ರತಿ ತಿರುವಿನಲ್ಲೂ ಇಳಿಯತೊಡಗಿದ್ದು.

ಮೊದಲ ಕೆಲವು ವಾರ ನಾನು ಅವರನ್ನು ಕೇಳಿದ್ದು ಕಡಿಮೆ. ನಿದ್ದೆ ಬರುವಂತಾಯಿತು, ಒಂದಷ್ಟು ಊಟ ಸೇರಿತು. ಆಮೇಲೆ ಒಂದು ಗುರುವಾರ, ಆ ದಿನದ ಪ್ರಯಾಣವನ್ನು ಮೂಡಿಗೆರೆ ಬಸ್ ಸ್ಟ್ಯಾಂಡಿನಿಂದ ಹಿಡಿದು ಒಂದೊಂದೇ ತಿರುವಾಗಿ ಹೇಳಿ ಎಂದೆ. ಭಯಂಕರ ಘಟನೆಯನ್ನು ಸುರಕ್ಷಿತ ಜಾಗದಲ್ಲಿ ಕೂತು ಮತ್ತೆ ಮತ್ತೆ ಹೇಳಿಸುವುದು ನಮ್ಮ ಚಿಕಿತ್ಸೆಯ ಒಂದು ಕ್ರಮ. ಹೇಳುತ್ತ ಹೇಳುತ್ತ ಅದರ ಹಲ್ಲು ಮೊಂಡಾಗುತ್ತದೆ. ಬೇರೆ ಯಾವ ಉದ್ದೇಶವೂ ನನಗಿರಲಿಲ್ಲ.

ರುದ್ರಪ್ಪ ಮಾತಿಗೆ ಜಿಪುಣ, ಆದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಎಡಕ್ಕೆ ಹಳ್ಳ ಎಂದರೆ ಎಡಗೈ ಹಳ್ಳವಾಗಿ ಹರಿಯುತ್ತಿತ್ತು. ದರೆ ಎಂದರೆ ಅಂಗೈ ಗೋಡೆಯಾಗಿ ಏಳುತ್ತಿತ್ತು. ಎಸ್ಟೇಟುಗಳಲ್ಲಿ ಸಾಲಾಗಿ ಬೆಳೆಸುವ ಸಿಲ್ವರ್ ಓಕ್ ಮರಗಳ ಮಾತು ಬಂದಾಗಲೆಲ್ಲ ಮೊಣಕೈಯಿಂದ ಮೇಲೆ ತೋಳು ಕಂಬದಂತೆ ನೆಟ್ಟಗೆ ನಿಲ್ಲುತ್ತಿತ್ತು. ಆ ತಿರುವಿಗೆ ಬಂದರು. “ಮೇಲ್ಗಡೆ ಎಸ್ಟೇಟಿನ ಓಕ್ ಮರದ ಸಾಲು” ಎಂದರು. ತೋಳು ಎತ್ತಿದರು. ಅದು ರಸ್ತೆಯ ಕಡೆಗೆ ವಾಲಿತ್ತು.

ಮುಂದಿನ ವಾರ ಮತ್ತೆ ಮೊದಲಿನಿಂದ ಹೇಳಿಸಿದೆ. ಉಳಿದೆಲ್ಲ ಮರ ನೆಟ್ಟಗೆ, ಆ ಸಾಲು ಮಾತ್ರ ಓರೆ. ಅದರ ಮುಂದಿನ ವಾರವೂ ಹಾಗೆಯೇ. ಆಗ ಕೇಳಿದೆ: ಆ ಮರಗಳು ವಾಲಿದ್ದವೇ? ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಇಲ್ಲಪ್ಪ. ಸಿಲ್ವರ್ ಓಕ್ ಅಲ್ವಾ ಮೇಡಂ, ನೆಟ್ಟಗಿರ್ತಾವೆ” ಎಂದರು. ಹಾಗೆನ್ನುವಾಗಲೂ ತೋಳು ಓರೆಯಾಗಿಯೇ ಇತ್ತು.

ಓದುಗರಿಗಾಗಿ ಸ್ವಲ್ಪ ವೈದ್ಯಶಾಸ್ತ್ರ. ನಾವು ಕಂಡದ್ದೆಲ್ಲ ನಮಗೆ ಗೊತ್ತಾಗುತ್ತದೆ ಎಂದು ನಂಬಿರುತ್ತೇವೆ. ಹಾಗಿಲ್ಲ. ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಿ ಕುರುಡಾದ ಕೆಲವರ ಮುಂದೆ ಒಂದು ವಸ್ತು ಹಿಡಿದು ಎಲ್ಲಿದೆ ಎಂದು ಕೇಳಿದರೆ ‘ನನಗೆ ಕಾಣುವುದಿಲ್ಲ’ ಎನ್ನುತ್ತಾರೆ. ಸುಮ್ಮನೆ ಊಹಿಸಿ ಬೆರಳು ತೋರಿಸಿ ಎಂದರೆ ಸರಿಯಾಗಿ ಅಲ್ಲಿಗೇ ತೋರಿಸುತ್ತಾರೆ. ಇದಕ್ಕೆ ಬ್ಲೈಂಡ್‌ಸೈಟ್ ಎಂದು ಹೆಸರು. ಕಣ್ಣಿನಿಂದ ಹೋದ ಸುದ್ದಿ ಮಿದುಳಿನ ಒಂದು ಭಾಗಕ್ಕೆ ಮುಟ್ಟಿರುತ್ತದೆ, ‘ನಾನು ನೋಡಿದೆ’ ಎನ್ನುವ ಭಾಗಕ್ಕೆ ಮುಟ್ಟಿರುವುದಿಲ್ಲ. ಕಣ್ಣು ಸರಿಯಿರುವವರಲ್ಲೂ ಇದಕ್ಕೆ ಹತ್ತಿರದ ವ್ಯವಹಾರ ದಿನವಿಡೀ ನಡೆಯುತ್ತಲೇ ಇರುತ್ತದೆ. ನಿತ್ಯ ನೋಡುವ ಅಡುಗೆಮನೆಯಲ್ಲಿ ಒಂದು ಡಬ್ಬ ಜಾಗ ತಪ್ಪಿದ್ದರೆ ಒಳಗೆ ಹೋದ ಕೂಡಲೇ ಏನೋ ಸರಿಯಿಲ್ಲ ಅನ್ನಿಸುತ್ತದಲ್ಲ, ಯಾವ ಡಬ್ಬ ಎಂದು ಆಮೇಲೆ ಹುಡುಕಬೇಕು. ರುದ್ರಪ್ಪ ಆ ಮರದ ಸಾಲನ್ನು ಬಸ್ಸಿನ ಮುಂದಿನ ಗಾಜಿನ ಮೂಲೆಯಲ್ಲಿ ವರ್ಷಗಟ್ಟಲೆ ಕಂಡಿದ್ದರು, ಒಮ್ಮೆಯೂ ನೋಡಿರಲಿಲ್ಲ. ಅವತ್ತು ಅದು ಓರೆಯಾಗಿತ್ತು. ಸುದ್ದಿ ಅವರ ಕಾಲಿಗೆ ಮುಟ್ಟಿ ಬ್ರೇಕ್ ಬಿತ್ತು. ಬಾಯಿಗೆ ಮುಟ್ಟಲಿಲ್ಲ.

ಆದರೆ ನನಗೆ ನನ್ನ ಮೇಲೇ ಅನುಮಾನ. ಗುಡ್ಡ ಬಿದ್ದ ಮೇಲೆ ಮುರಿದು ಬಿದ್ದ ಮರಗಳನ್ನು ಅವರು ಕಂಡಿದ್ದರು. ಆ ನೆನಪು ಹಿಂದಕ್ಕೆ ಸರಿದು ಕೈಗೆ ಬಂದಿರಬಹುದು. ಮನಸ್ಸು ಇಂಥ ತಿದ್ದುಪಡಿ ಮಾಡುವುದರಲ್ಲಿ ಬಲು ಚಾಲಾಕು. ಹಾಗಾಗಿ ಆ ಎಸ್ಟೇಟಿನ ರೈಟರನ್ನು, ಅಂದರೆ ಅಲ್ಲಿ ಹಾಜರಿ ಮತ್ತು ಕೆಲಸದ ಉಸ್ತುವಾರಿ ನೋಡುವ ಗುಮಾಸ್ತರನ್ನು, ಒಂದು ದಿನ ಕಂಡೆ. ಸಂಭಾವಿತ ಮನುಷ್ಯ. ಮೊದಲು ಹಿಂದೆಮುಂದೆ ನೋಡಿದರು. ಕೊನೆಗೆ, ಗುಡ್ಡ ಜಾರಿದ ಹಿಂದಿನ ದಿನ ಸಂಜೆ ಮೇಸ್ತ್ರಿ ಬಂದು ‘ರಸ್ತೆ ಕಡೆ ಸಾಲಿನ ಓಕ್ ಮರಗಳು ಬಗ್ಗಿದ ಹಾಗೆ ಕಾಣ್ತಾವೆ’ ಎಂದಿದ್ದನ್ನು ಹೇಳಿದರು. ಮಳೆ ಬಿಟ್ಟು ಹೊಳವಾದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದರಂತೆ. ನೂರಕ್ಕೆ ನೂರು ಎಂದು ನಾನು ಇಂದಿಗೂ ಹೇಳಲಾರೆ. ಆದರೆ ನನ್ನ ಮಟ್ಟಿಗೆ ಲೆಕ್ಕ ಕೂಡಿತು.

ಇದನ್ನು ರುದ್ರಪ್ಪನವರಿಗೆ ಹೇಳುವುದು ಒಳ್ಳೆಯದೆಂದು ನನಗೆ ತೋರಿತು. ಒಂದು ಕಡೆ ಊರು ಅವರನ್ನು ದೇವರು ಮಾಡಿತ್ತು, ಇನ್ನೊಂದು ಕಡೆ ಅವರೇ ತಮ್ಮನ್ನು ಕೊಲೆಗಾರ ಮಾಡಿಕೊಂಡಿದ್ದರು. ಎರಡೂ ಅಲ್ಲ ಎಂದು ತಿಳಿದರೆ ಹಗುರಾದಾರು. ಗಿರಿಜಮ್ಮನನ್ನೂ ಕೂರಿಸಿಕೊಂಡು ನಿಧಾನವಾಗಿ ಬಿಡಿಸಿ ಹೇಳಿದೆ. ಕಣ್ಣು ಕಂಡಿತ್ತು, ನಿಮಗೆ ತಿಳಿದಿರಲಿಲ್ಲ. ತಿಳಿಯದ್ದನ್ನು ಟೀಚರಿಗೆ ಹೇಗೆ ಹೇಳುತ್ತಿದ್ದಿರಿ? ಇದರಲ್ಲಿ ನಿಮ್ಮ ತಪ್ಪಿಲ್ಲ.

ಅವರು ಆ ತೋಳನ್ನು ಎತ್ತಿ ನೋಡಿಕೊಂಡರು. ಆಮೇಲೆ ಕೇಳಿದರು:

“ಕಣ್ಣು ನಂದೇ ಅಲ್ವಾ ಮೇಡಂ?”

ಗಿರಿಜಮ್ಮನಿಗೆ ಸಿಟ್ಟು ಬಂತು. ಚೌಡಿ ನಿಲ್ಲಿಸಿದಳು ಅಂತಿದ್ದರೆ ನಾಳೆಯಾದರೂ ಇವರು ಬದುಕಿಕೊಳ್ಳುತ್ತಿದ್ದರು, ನೀವು ಅದನ್ನೂ ಕಿತ್ತುಕೊಂಡಿರಿ ಎಂದು ನೇರವಾಗಿಯೇ ಹೇಳಿ ಗಂಡನನ್ನು ಎಬ್ಬಿಸಿಕೊಂಡು ಹೊರಟರು. ಆ ವಾರವಿಡೀ ಫೋನ್ ರಿಂಗಾದಾಗಲೆಲ್ಲ, ಗೋಣಿಬೀಡಿನ ಸುದ್ದಿಯೇನೋ ಎಂದು ಓಡಿ ಹೋಗಿ ಎತ್ತುತ್ತಿದ್ದೆ.

ಮುಂದಿನ ಗುರುವಾರ ರುದ್ರಪ್ಪ ಒಬ್ಬರೇ ಬಂದರು. ಮುಖ ಊದಿತ್ತು, ಅತ್ತಿದ್ದಾರೆಂದು ಕಾಣುತ್ತಿತ್ತು. ಅಲ್ಲಿಯ ತನಕ ಅವರು ನನ್ನ ಮುಂದೆ ಅತ್ತದ್ದಿಲ್ಲ. ಮಲ್ಲಿಕಾರ್ಜುನನ ಅಂಗಡಿಗೆ ಹೋಗಿದ್ದೆ ಎಂದರು. ಆತನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ, ಹೇಳದಿದ್ದರೆ ಮತ್ತೊಂದು ತಪ್ಪಾಗುತ್ತದೆ ಎಂದು ಹೋದರಂತೆ. ಮರ ವಾಲಿದ್ದು, ಕಣ್ಣು ಕಂಡದ್ದು, ತನಗೆ ತಿಳಿಯದೇ ಹೋದದ್ದು, ಎಲ್ಲವನ್ನೂ ಹೇಳಿದರಂತೆ. ಅದರ ಜೊತೆಗೆ, ನನಗೂ ಗಿರಿಜಮ್ಮನಿಗೂ ಪೊಲೀಸರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ ಇನ್ನೊಂದು ಸಂಗತಿಯನ್ನೂ.

ಟೀಚರ್ ಜೀಪಿನ ಹತ್ತಿರ ಹೋದವರು ಕೂಡಲೇ ಹತ್ತಿರಲಿಲ್ಲ. ಜೀಪಿನ ಬಾಗಿಲಲ್ಲಿ ನಿಂತರು, ಮಳೆಯಲ್ಲಿ ನೆನೆಯುತ್ತ ಬಸ್ಸಿನ ತನಕ ವಾಪಸ್ ಬಂದರು. ರುದ್ರಪ್ಪನ ಕಿಟಕಿಯ ಕೆಳಗೆ ನಿಂತು ಹೇಳಿದರು:

“ಎಂತಾದ್ರೂ ಒಂದು ಕಾರಣ ಹೇಳಿ. ನಾನೂ ಉಳ್ಕೊಳ್ತೀನಿ.”

ರುದ್ರಪ್ಪನ ಹತ್ತಿರ ಕಾರಣವಿರಲಿಲ್ಲ. ಚೌಡಿ ಅಪ್ಪಣೆಯಾಗಲಿಲ್ಲ ಎಂಬ ಮಾತು ನಾಲಿಗೆಯ ತನಕ ಬಂತು. ದೇವರ ಹೆಸರಿನಲ್ಲಿ ಸುಳ್ಳು ಹೇಳಲಾರದೆ ನುಂಗಿಕೊಂಡರು. ಟೀಚರ್ ಒಂದು ಗಳಿಗೆ ಕಾದು, ಸೀರೆ ನೆರಿಗೆ ಎತ್ತಿಕೊಂಡು ಜೀಪಿನ ಕಡೆ ನಡೆದರು.

ಇದನ್ನು ಕೇಳಿ ಮಲ್ಲಿಕಾರ್ಜುನ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡು ರುದ್ರಪ್ಪ ನಿಂತಿದ್ದರಂತೆ. ಆತ ಮೆಣಸಿನ ಮೂಟೆಯ ಮೇಲೆ ಕೈಯಿಟ್ಟು ಯೋಚಿಸಿದರು. ಆಮೇಲೆ ಹೇಳಿದರು:

“ಅವಳೂ ದಿನಾ ಅದೇ ಗಾಜಿನಾಗೆ ನೋಡ್ತಿದ್ಲಲ್ಲ ರುದ್ರಪ್ಪ. ಹಂಗಾದ್ರೆ ಅವಳಿಗೂ ಗೊತ್ತಾಗಿತ್ತು.”

ಅಷ್ಟು ಹೇಳಿ ಹಾಡುಹಗಲೇ ಅಂಗಡಿ ಬಾಗಿಲು ಎಳೆದುಕೊಂಡರಂತೆ. ಇಬ್ಬರೂ ಒಳಗೆ ಕೂತು ಅತ್ತರು.

ನಾನು ಯೋಚಿಸದೇ ಬಿಟ್ಟದ್ದನ್ನು ಆ ವ್ಯಾಪಾರಿ ಯೋಚಿಸಿದ್ದರು. ರುದ್ರಪ್ಪನ ಕಣ್ಣಿನ ಬಗ್ಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡ ನನಗೆ ಪಕ್ಕದ ಸೀಟಿನಲ್ಲಿದ್ದ ಹೆಂಗಸಿಗೂ ಕಣ್ಣಿತ್ತೆಂದು ಹೊಳೆದಿರಲಿಲ್ಲ. ಮಳೆಯಲ್ಲಿ ಅವರನ್ನು ವಾಪಸ್ ಕರೆತಂದದ್ದು ಏನೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅದೂ ಮರದ ಸಾಲೇ ಎಂದು ನಾನು ನಂಬುತ್ತೇನೆ. ಒಂದೇ ಗಾಜಿನ ಹಿಂದೆ ಕೂತಿದ್ದ ಇಬ್ಬರಿಗೂ ಒಂದೇ ಸುದ್ದಿ ಬಂದಿತ್ತು. ರುದ್ರಪ್ಪನಿಗೆ ಅವಸರವಿರಲಿಲ್ಲ, ನಿಂತರು. ಟೀಚರಿಗೆ ಇನ್‌ಸ್ಪೆಕ್ಷನ್ ಇತ್ತು. ಹೋಗುವುದಕ್ಕೆ ಒಳ್ಳೆಯ ಕಾರಣವಿತ್ತು, ನಿಲ್ಲುವುದಕ್ಕೆ ಒಂದೂ ಇರಲಿಲ್ಲ.

ರುದ್ರಪ್ಪ ನಿಧಾನವಾಗಿ ಚೇತರಿಸಿಕೊಂಡರು. ಮತ್ತೆ ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ, ಗಿರಿಜಮ್ಮನ ಜೊತೆ ತೋಟಕ್ಕಿಳಿದರು. ಪ್ರಶ್ನೆ ಕೇಳಲು ಬರುವವರು ಬರಬರುತ್ತ ಕಡಿಮೆಯಾದರು. ಊರಿಗೆ ಬೇರೆ ದೇವರು ಸಿಕ್ಕಿರಬೇಕು. ಮಲ್ಲಿಕಾರ್ಜುನ ನನ್ನ ಹತ್ತಿರ ಯಾವತ್ತೂ ಬರಲಿಲ್ಲ. ಎರಡು ವರ್ಷದ ನಂತರ ಅವರ ಅಂಗಡಿ ಬೇರೆಯವರ ಕೈಗೆ ಹೋಯಿತೆಂದು ಕೇಳಿದೆ, ಅವರು ಎಲ್ಲಿದ್ದಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರ ಹೊರೆಯನ್ನು ಇಳಿಸಿ ಇನ್ನೊಬ್ಬರ ಹೆಗಲಿಗೆ ಹೊರಿಸಿದ ಚಿಕಿತ್ಸೆ ಇದು. ಗುಣವಾಯಿತು ಎಂದು ಬರೆದುಕೊಳ್ಳಲು ನನ್ನ ಕೈ ಇಂದಿಗೂ ಏಳುವುದಿಲ್ಲ.

ವಾರ್ಡಿನಲ್ಲಿ ನನಗೆ ಮೊದಲಿನಿಂದ ಒಂದು ಅಭ್ಯಾಸವಿತ್ತು. ರೋಗಿ ಮನೆಗೆ ಹೊರಡುವ ದಿನ ತಾಯಿಯೋ ಹೆಂಡತಿಯೋ ‘ಯಾಕೋ ಇವತ್ತು ಕರ್ಕೊಂಡು ಹೋಗೋಕೆ ಮನಸ್ಸಿಲ್ಲ’ ಎಂದರೆ ಯಾಕೆ ಎಂದು ಕೇಳುತ್ತಿದ್ದೆ. ಅವರು ತಡವರಿಸಿದರೆ ಡಿಸ್ಚಾರ್ಜ್ ಬರೆದು ಕಳಿಸುತ್ತಿದ್ದೆ. ಎಲ್ಲ ಡಾಕ್ಟರುಗಳೂ ಮಾಡುವುದು ಅದನ್ನೇ. ಆ ವರ್ಷದಿಂದ ಮುಂದೆ ನಿವೃತ್ತಿಯಾಗುವ ತನಕ ಹಾಗೆ ಮಾಡಲಿಲ್ಲ, ಕಾರಣ ಕೇಳದೆ ರೋಗಿಯನ್ನು ಉಳಿಸಿಕೊಳ್ಳುತ್ತಿದ್ದೆ. ಕಿರಿಯ ಡಾಕ್ಟರುಗಳು, ಮೇಡಮ್ಮಿಗೂ ಚೌಡಿ ಹಿಡಿದಿದೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ. ಬಹಳ ಸಲ ಏನೂ ಆಗಿರುತ್ತಿರಲಿಲ್ಲ, ಒಂದು ದಿನ ಹಾಸಿಗೆ ದಂಡವಾಗುತ್ತಿತ್ತು, ಅಷ್ಟೇ.

ನಮ್ಮಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸಲು ದೇವರ ಮಾತಿಗೆ ಬೆಲೆಯಿದೆ, ಪುರಾವೆಯ ಮಾತಿಗೆ ಬೆಲೆಯಿದೆ. ಎರಡೂ ಇಲ್ಲದವನ ‘ಗೊತ್ತಿಲ್ಲ’ಕ್ಕೆ ಬೆಲೆಯಿಲ್ಲ, ಅದನ್ನು ಹೇಳುವವನೇ ಅರ್ಧಕ್ಕೆ ನಿಲ್ಲಿಸಿಬಿಡುತ್ತಾನೆ. ಮಳೆಯಲ್ಲಿ ವಾಪಸ್ ಬಂದು ಕಿಟಕಿಯ ಕೆಳಗೆ ನಿಂತ ಆ ಹೆಂಗಸಿಗೆ ಅವತ್ತು ಬೇಕಾಗಿದ್ದುದು ಇನ್ನೊಂದೇ ಮಾತು: ‘ಗೊತ್ತಿಲ್ಲ ಟೀಚರ್, ಆದ್ರೂ ಹೋಗ್ಬೇಡಿ.’